ಡಿಶ್‌ವಾಷರ್ ಎಂಬ ಕಪಾಟು

ನಮ್ಮ ಮನೆಯ ಡಿಶ್‌ವಾಷರ್ ಬಹಳ ಒಳ್ಳೆಯ ಕಪಾಟು. ಕೆಳಗಿನ ಅಂತಸ್ತಿನಲ್ಲಿ ಊಟದ ತಟ್ಟೆಗಳು, ಇಡ್ಲಿ ಸ್ಟ್ಯಾಂಡು, ಕುಕ್ಕರಿನ ಮುಚ್ಚಳ. ಮೇಲಿನದರಲ್ಲಿ ಲೋಟಗಳು, ಮತ್ತು ಮೊಸರು ಮುಗಿದ ಮೇಲೂ ಎಸೆಯಲು ಮನಸ್ಸು ಬಾರದ ಪ್ಲಾಸ್ಟಿಕ್ ಡಬ್ಬಿಗಳು. ಎಲ್ಲವೂ ಕೈಯಲ್ಲಿ ತೊಳೆದು, ನೀರು ಸೋರಲೆಂದು ಅಲ್ಲಿ ಜೋಡಿಸಿ, ಬೇಕಾದಾಗ ಅಲ್ಲಿಂದಲೇ ತೆಗೆದುಕೊಳ್ಳುವಂಥವು. ಅಮೆರಿಕದ ಕೆರೊಲೈನಾದ ಈ ಕ್ಯಾರಿ ಊರಿನಲ್ಲಿ ಮನೆ ಕೊಳ್ಳುವಾಗ ತೋರಿಸಲು ಬಂದ ಏಜೆಂಟಮ್ಮ ಅದರ ಬಾಗಿಲು ತೆರೆದು, ಈ ಯಂತ್ರ ಕೆಲಸ ಮಾಡುವುದು ಪಕ್ಕದಲ್ಲಿ ನಿಂತವರಿಗೂ ಕೇಳಿಸುವುದಿಲ್ಲ ಎಂದು ಹೊಗಳಿದ್ದಳು. ಆಕೆಯ ಮಾತು ಸುಳ್ಳಾಗಲಿಲ್ಲ. ಒಂದೇ ಒಂದು ದಿನವನ್ನು ಬಿಟ್ಟರೆ ಅದು ಇವತ್ತಿನವರೆಗೆ ಸದ್ದು ಮಾಡಿಲ್ಲ.

ನಗಬೇಡಿ. ನೀವು ಅಟ್ಲಾಂಟದಲ್ಲಿರಿ, ಶ್ಯಾಂಟಿಲಿಯಲ್ಲಿರಿ, ನಿಮ್ಮ ಮನೆಯದೂ ಇದೇ ಕತೆ ಎಂದು ನನಗೆ ಗೊತ್ತು. ಬಿಳಿಯ ನೆರೆಯವರು ಊಟಕ್ಕೆ ಬಂದ ದಿನ ನೀವೂ ಅದರ ಬಾಗಿಲನ್ನು ಅರ್ಧ ತೆರೆದು, ಈಗಷ್ಟೇ ತೊಳೆದು ಮುಗಿಸಿತೆಂಬಂತೆ ಮುಖ ಮಾಡಿದ್ದೀರಿ. ಯಂತ್ರದ ಮೇಲೆ ನಮಗೆ ದ್ವೇಷವೇನಿಲ್ಲ. ಸಾರಿನ ಪಾತ್ರೆಯ ಹಿಂಗಿನ ವಾಸನೆ ತೆಗೆಯುವ ಯೋಗ್ಯತೆ ಅದಕ್ಕಿದೆ ಎಂದು ನಂಬಿಕೆಯಿಲ್ಲ, ಅಷ್ಟೆ. ಹಾಗಾಗಿ ಮೊದಲು ನಾವು ತೊಳೆದು ತೋರಿಸುತ್ತೇವೆ. ತೊಳೆದಾದ ಮೇಲೆ ಅದಕ್ಕೆ ಕೆಲಸವೇನು ಉಳಿಯುತ್ತದೆ, ಹೇಳಿ.

ಪಾತ್ರೆ ತೊಳೆಯುವುದರಲ್ಲಿ ನನ್ನದು ಹಳೆಯ ಅನುಭವ. ಮೈಸೂರಿನ ನಮ್ಮ ವಠಾರದಲ್ಲಿ ಎಲ್ಲ ಮನೆಗಳಿಗೂ ಸೇರಿ ಒಂದು ನಲ್ಲಿ, ಅದರ ಪಕ್ಕ ಒಂದು ಕಲ್ಲು. ಕಲ್ಲಿನ ಮೇಲೆ ನಮ್ಮಮ್ಮನ ಬೂದಿ ಡಬ್ಬ. ಬಚ್ಚಲ ಹಂಡೆಯ ಒಲೆಯಿಂದ ಬೂದಿ ತೋಡಿ, ಕೆಂಡವಿಲ್ಲವೆಂದು ನೋಡಿ, ಜರಡಿ ಹಿಡಿಯುವುದು ನನ್ನ ಪಾಲಿನ ಕೆಲಸ. ಮೂಗು, ರೆಪ್ಪೆ, ತಲೆಗೂದಲೆಲ್ಲ ಬೂದಿಯಾಗಿ ನಾನು ವಿಭೂತಿ ಧರಿಸಿದ ಬಾಲಸಂನ್ಯಾಸಿಯಂತೆ ಕಾಣುತ್ತಿದ್ದೆನಂತೆ. ತಂಗಿಯದು ಹಿತ್ತಾಳೆಗೆ ಹುಣಸೆಹಣ್ಣು ಉಜ್ಜುವ ಸುಖದ ಕೆಲಸ. ಅರ್ಧ ಹಣ್ಣು ಚೊಂಬಿಗೆ, ಅರ್ಧ ಅವಳ ಬಾಯಿಗೆ. ಚೊಂಬೂ ಹೊಳೆಯುತ್ತಿತ್ತು, ಅವಳ ಹಲ್ಲೂ ಹೊಳೆಯುತ್ತಿದ್ದವು. ಈ ಅನ್ಯಾಯವನ್ನು ಇಂದಿಗೂ ನಾನು ಮರೆತಿಲ್ಲ.

ಮುಂದೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವಾಗ ಗೊತ್ತಾಯಿತು: ಕಟ್ಟಿಗೆ ಬೂದಿಯಲ್ಲಿ ಕ್ಷಾರವಿರುತ್ತದೆ, ಅದು ಪಾತ್ರೆಯ ಜಿಡ್ಡಿನ ಜೊತೆ ಸೇರಿ ಅಲ್ಲೇ ಒಂದಿಷ್ಟು ಸೋಪಾಗುತ್ತದೆ, ಆ ಸೋಪು ಉಳಿದ ಜಿಡ್ಡನ್ನು ಓಡಿಸುತ್ತದೆ. ಕಳ್ಳನಿಂದಲೇ ಕಳ್ಳನನ್ನು ಹಿಡಿಸಿದಂತೆ. ಓಡಿ ಬಂದು ಅಮ್ಮನಿಗೆ ಹೇಳಿದೆ.

"ಅಮ್ಮ, ನೀನು ಇಷ್ಟು ವರ್ಷ ಮಾಡ್ತಿದ್ದಿದ್ದು ಸಾಬೂನೀಕರಣ!"

"ಏನಾದ್ರೂ ಆಗ್ಲಿ. ತಳ ಸರಿಯಾಗಿ ತಿಕ್ಕು."

ಅದೇ ಕ್ಷಾರ, ಅದೇ ಜಿಡ್ಡು ನನಗೆ ಅನ್ನ ಕೊಟ್ಟಿತು. ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಪ್ರಯೋಗಾಲಯದಲ್ಲಿ ನಾನು ಲೋಹದ ಮೇಲೆ ಬಳಿಯುವ ಲೇಪಗಳ ಬಗ್ಗೆ ಕೆಲಸ ಮಾಡುತ್ತೇನೆ. ಯಾವುದಕ್ಕೆ ಯಾವುದು ಅಂಟಬೇಕು, ಯಾವುದು ಅಂಟಬಾರದು, ಯಾವುದು ಯಾವಾಗ ಕಿತ್ತು ಬರುತ್ತದೆ ಎಂಬುದು ನನ್ನ ವಿದ್ಯೆ. ಸಭೆಗಳಲ್ಲಿ ಜನ ಕಿವಿಗೊಟ್ಟು ಕೇಳುತ್ತಾರೆ. ಮನೆಯಲ್ಲಿ ದೋಸೆ ಹುಯ್ಯಲು ನನ್ನನ್ನು ಯಾರೂ ಒಲೆಯ ಹತ್ತಿರ ಬಿಡುವುದಿಲ್ಲ.

ದೋಸೆ ಎಂದೆನಲ್ಲ, ಅಲ್ಲಿಗೇ ಬರುತ್ತೇನೆ. ಆ ಕಪಾಟಿನ ಕೆಳಗಿನ ಅಂತಸ್ತಿನ ಮೂಲೆಯಲ್ಲಿ, ತಟ್ಟೆಗಳ ಸಾಲಿನ ಕೊನೆಗೆ, ನೆಟ್ಟಗೆ ನಿಲ್ಲುವ ಇನ್ನೊಂದು ವಸ್ತುವಿತ್ತು. ನನ್ನ ಅತ್ತೆಯ, ಎಂದರೆ ನನ್ನ ಹೆಂಡತಿ ವಸುಧಾಳ ತಾಯಿಯ, ಕಬ್ಬಿಣದ ದೋಸೆ ಕಾವಲಿ. ಹಿಡಿಯಿಲ್ಲದ, ದಪ್ಪನೆಯ, ಅಮಾವಾಸ್ಯೆಯಷ್ಟು ಕಪ್ಪಗಿನ ಕಾವಲಿ. ಅತ್ತೆ ಮದುವೆಯಾದ ಹೊಸದರಲ್ಲಿ ಮಾರ್ಕೆಟ್ಟಿನಿಂದ ತಂದು, ಗಂಜಿಯಲ್ಲಿ ನೆನೆಸಿ, ಎಣ್ಣೆ ಸವರಿ, ಅರ್ಧ ಈರುಳ್ಳಿಯಿಂದ ಉಜ್ಜಿ ಪಳಗಿಸಿದ್ದು. ಹಾಗೆ ಪಳಗಿದ ಕಾವಲಿಯ ಕಪ್ಪು ಕೊಳೆಯಲ್ಲ. ತೆಳ್ಳಗೆ ಸವರಿದ ಎಣ್ಣೆ ಬಿಸಿ ಕಬ್ಬಿಣದ ಮೇಲೆ ಕೈ ಕೈ ಹಿಡಿದು ಗಟ್ಟಿ ಪದರವಾಗುತ್ತದೆ. ಅದರ ಮೇಲೆ ಮರುದಿನದ ಪದರ, ಅದರ ಮೇಲೆ ಅದರ ಮರುದಿನದ್ದು. ಅತ್ತೆ ಹುಯ್ದ ಒಂದೊಂದು ದೋಸೆಯೂ ಅಲ್ಲಿ ಒಂದೊಂದು ಪದರ ಬಿಟ್ಟುಹೋಗಿತ್ತು. ನನ್ನ ಪ್ರಯೋಗಾಲಯ ಅಂಥದ್ದೊಂದನ್ನು ಮಾಡಲು ಎಷ್ಟೋ ವರ್ಷದಿಂದ ಹೆಣಗುತ್ತಿದೆ, ಇನ್ನೂ ಹೆಣಗುತ್ತಲೇ ಇದೆ.

ಕೋವಿಡ್ ಕಾಲದಲ್ಲಿ, ವಿಮಾನಗಳೆಲ್ಲ ನಿಂತಿದ್ದಾಗ, ಅತ್ತೆ ತೀರಿಹೋದರು. ವಸುಧಾ ಫೋನಿನ ಪರದೆಯಲ್ಲಿ ನೋಡಿದಳು. ಪರದೆ ಮಧ್ಯೆ ಮಧ್ಯೆ ನಿಂತುಹೋಗುತ್ತಿತ್ತು. ಅದಕ್ಕಿಂತ ಹೆಚ್ಚು ಆ ದಿನದ ಬಗ್ಗೆ ಬರೆಯಲು ನನಗೆ ಇಷ್ಟವಿಲ್ಲ. ಮತ್ತೆ ವಿಮಾನ ಹಾರತೊಡಗಿದ ಮೇಲೆ ಅತ್ತೆಯ ಬಾಡಿಗೆ ಮನೆ ಖಾಲಿ ಮಾಡಲು ಹೋದೆವು. ಯಾರಿಗೆ ಏನು ಬೇಕು ಎಂದು ವಸುಧಾ ತನ್ನ ಅಣ್ಣನಿಗೆ ಫೋನ್ ಮಾಡಿ ಕೇಳಿದಳು.

ಈ ಅಣ್ಣ, ನನ್ನ ಭಾವ, ಶ್ರೀಧರ. ನಮ್ಮಿಂದ ನಾಲ್ಕೈದು ಗಂಟೆ ದಾರಿಯ ರೆಸ್ಟನ್‌ನಲ್ಲಿರುತ್ತಾನೆ. ಭೂಮಿಯನ್ನು ಉಳಿಸುತ್ತಾನೆ. ಉದ್ಯೋಗ ಸಾಫ್ಟ್‌ವೇರೇ, ಭೂಮಿ ಉಳಿಸುವುದು ಸಂಜೆ ಮತ್ತು ವಾರಾಂತ್ಯಗಳಲ್ಲಿ. ಜೇಬಿನಲ್ಲಿ ಬಿದಿರಿನ ಫೋರ್ಕು, ಕೈಯಲ್ಲಿ ತಾಮ್ರದ ಬಾಟಲಿ. "ನಾವು ಕೆಮಿಕಲ್ ಯೂಸ್ ಮಾಡಲ್ಲ" ಎಂಬುದು ಅವನ ಗಾಯತ್ರಿ. ಒಮ್ಮೆ ನಾನು, ನೀರೂ ಕೆಮಿಕಲ್ಲೇ ಭಾವ, ಉಪ್ಪೂ ಕೆಮಿಕಲ್ಲೇ, ನೀನೂ ನಾನೂ ನಡೆದಾಡುವ ಕೆಮಿಕಲ್ ಗೋಡೌನುಗಳು ಎಂದೆ. ಕರುಣೆಯಿಂದ ನನ್ನ ಭುಜ ತಟ್ಟಿ, "ನಿನ್ನ ಇಂಡಸ್ಟ್ರಿ ಹಾಗೆ ಹೇಳ್ಲೇಬೇಕಲ್ಲ" ಎಂದ. ಅಂಟುವಾಳದ ಕಾಯಿಯನ್ನು ಚೆಂದದ ಬಟ್ಟೆ ಚೀಲದಲ್ಲಿ ಹಾಕಿ ಮಾರುವ ಅಂಗಡಿ ಅವನಿಗೆ ಗೊತ್ತು. ನಮ್ಮಜ್ಜಿ ಅದರಲ್ಲೇ ಒಡವೆ ತೊಳೆಯುತ್ತಿದ್ದಳು, ಆದರೆ ಅವಳಿಗೆ ಅದು ಭೂಮಿ ಉಳಿಸುವುದೆಂದು ಗೊತ್ತಿರಲಿಲ್ಲ, ಪಾಪ.

ಇಂಥ ಭಾವ ಫೋನಿನಲ್ಲಿ ಹೇಳಿದ: "ನಂಗೇನೂ ಬೇಡ ಕಣೇ ವಸು. ಐ ಆಮ್ ಡೂಯಿಂಗ್ ಮಿನಿಮಲಿಸಂ. ಆ ಹಳೇ ಕಬ್ಬಿಣ ಎಲ್ಲಾ ಸ್ಕ್ರ್ಯಾಪ್‌ಗೆ ಹಾಕ್ಬಿಡು, ಮೆಟಲ್ ರೀಸೈಕಲ್ ಆಗುತ್ತೆ. ಭೂಮಿಯಿಂದ ತಗೊಂಡಿದ್ದನ್ನ ಭೂಮಿಗೆ ವಾಪಸ್ ಕೊಡ್ಬೇಕು."

ವಸುಧಾ ಕಾವಲಿಯೊಂದನ್ನು ಮಾತ್ರ ತಂದಳು. ಅದರ ಭಾರಕ್ಕೆ ಜಾಗ ಮಾಡಲು ನನ್ನ ಸೂಟ್‌ಕೇಸಿನಿಂದ ಮಾವಿನಮಿಡಿ ಉಪ್ಪಿನಕಾಯಿ ಹೊರಬಿತ್ತು. ಅಮೆರಿಕಕ್ಕೆ ಬಂದಿಳಿದ ಡಲ್ಲಸ್ ವಿಮಾನ ನಿಲ್ದಾಣದಲ್ಲಿ ಸುಂಕದ ಅಧಿಕಾರಿ ಕಾವಲಿಯನ್ನು ಹೊರತೆಗೆದು, ಮೂಸಿ, ಬೆರಳಿನಿಂದ ಒರೆಸಿ, ಬೆರಳನ್ನೇ ನೋಡಿಕೊಂಡು, ಒಂದ್ಸಲ ಚೆನ್ನಾಗಿ ತೊಳೆದರೆ ಹೊಸದರಂತಾಗುತ್ತದೆ ಎಂದು ಸಲಹೆ ಕೊಟ್ಟ. ವಸುಧಾ ಅವನನ್ನು ನೋಡಿದ ನೋಟಕ್ಕೆ ನಮ್ಮನ್ನು ವಾಪಸು ಕಳಿಸದಿದ್ದುದು ಪುಣ್ಯ.

ಅಂದಿನಿಂದ ಮನೆಯಲ್ಲಿ ಒಂದು ಕಾನೂನು. ಕಾವಲಿಯನ್ನು ವಸುಧಾ ಬಿಟ್ಟು ಯಾರೂ ಮುಟ್ಟಬಾರದು. ಅದಕ್ಕೆ ನೀರು ಸೋಕಿಸಬಾರದು. ದೋಸೆ ಮುಗಿದ ಮೇಲೆ ಅತ್ತೆಯ ಹಳೆಯ ಹತ್ತಿ ಸೀರೆಯ ತುಂಡಿನಿಂದ ಒರೆಸಿ, ಒಂದು ಹನಿ ಎಣ್ಣೆ ಸವರಿ, ಉಳಿದ ಪಾತ್ರೆಗಳ ನೀರು ಆರಿದ ಮೇಲೆ ಕಪಾಟಿನ ಮೂಲೆಯಲ್ಲಿ ನಿಲ್ಲಿಸಬೇಕು. ಶನಿವಾರ ಬೆಳಗ್ಗೆ ಅವಳು ದೋಸೆ ಹುಯ್ಯುವಾಗ ಯಾರೂ ಮಾತಾಡಿಸುವಂತಿರಲಿಲ್ಲ. ಅವಳು ತನ್ನಷ್ಟಕ್ಕೆ ಏನೋ ಗೊಣಗುತ್ತಿರುತ್ತಿದ್ದಳು. ಹಿಟ್ಟಿನ ಜೊತೆಗೋ ಅಮ್ಮನ ಜೊತೆಗೋ ನಾನು ಕೇಳಲು ಹೋಗಲಿಲ್ಲ.

ಕಳೆದ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಭಾವ ಒಬ್ಬನೇ ಬಂದ. ಅವನ ಹೆಂಡತಿ ಅಟ್ಲಾಂಟದಲ್ಲಿರುವ ತನ್ನ ತಂಗಿಯ ಮನೆಗೆ ಹೋಗಿದ್ದಳು. ಬ್ಯಾಟರಿ ಕಾರಿನಲ್ಲಿ ರೆಸ್ಟನ್‌ನಿಂದ ಹೊರಟು, ರಿಚ್ಮಂಡಿನಲ್ಲಿ ಚಾರ್ಜ್ ಮಾಡಲು ಸಾಲಿನಲ್ಲಿ ನಿಂತು, ಚಳಿಗೆ ಬ್ಯಾಟರಿ ಇಳಿಯುತ್ತದೆಂದು ಹೀಟರ್ ಆರಿಸಿಕೊಂಡು, ಶಾಲು ಹೊದ್ದು ನಡುಗುತ್ತ ಬಂದಿಳಿದ.

"ದೋಸೆ ತಿನ್ನೋಕೇ ಬಂದಿದೀನಿ ವಸು. ಅಮ್ಮನ ಕಾವಲಿ ದೋಸೆ. ದಾರೀಲೆಲ್ಲಾ ಅದನ್ನೇ ನೆನೆಸ್ಕೊಂಡು ಬಂದೆ."

ಸ್ಕ್ರ್ಯಾಪಿಗೆ ಹಾಕು ಎಂದವನೇ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ವಸುಧಾಳ ಮುಖ ಅರಳಿದ್ದು ನೋಡಿ ನುಂಗಿಕೊಂಡೆ. ಅವಳು ಆಗಲೇ ಅಕ್ಕಿ, ಉದ್ದು ನೆನೆಹಾಕಿದಳು.

ಶುಕ್ರವಾರ ಮಧ್ಯಾಹ್ನ ನಾನು, ವಸುಧಾ, ಕಾಲೇಜಿನಿಂದ ರಜೆಗೆ ಬಂದಿದ್ದ ಮಗಳು ಅನು, ಮೂವರೂ ಮಾರಿಸ್‌ವಿಲ್‌ನ ಇಂಡಿಯನ್ ಅಂಗಡಿಗೆ ತೆಂಗಿನಕಾಯಿ, ಆಲೂಗಡ್ಡೆ ತರಲು ಹೋದೆವು. ಭಾವ ಮನೆಯಲ್ಲೇ ಉಳಿದ. ಮರಳಿ ಬಂದು ಬಾಗಿಲು ತೆರೆದರೆ ಅಡುಗೆಮನೆಯಿಂದ ಮೆಲ್ಲನೆ ಒಂದು ಸದ್ದು. ಗೊರ್ ಎಂದು ನೀರು ಸುತ್ತುವ ಸದ್ದು. ಏಜೆಂಟಮ್ಮ ಹೇಳಿದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಇತ್ತು.

"ಅಣ್ಣಾ, ಏನದು ಸೌಂಡು?" ವಸುಧಾ ಕೇಳಿದಳು.

ಭಾವ ಸೋಫಾದ ಮೇಲೆ ತೃಪ್ತನಾಗಿ ಕೂತಿದ್ದ. "ಡಿಶ್‌ವಾಷರ್. ಫುಲ್ ಲೋಡ್ ಇತ್ತು ಕಣೇ, ಹಾಗೇ ಬಿಟ್ಟು ಹೋಗಿದ್ರಿ. ನಾನೇ ರನ್ ಮಾಡ್ದೆ. ಕೈಯಲ್ಲಿ ತೊಳೆದ್ರೆ ಎಷ್ಟು ನೀರು ವೇಸ್ಟ್ ಗೊತ್ತಾ? ಸಿಂಕ್ ಕೆಳಗೆ ಒಂದು ಹಳೇ ಪೌಡರ್ ಪ್ಯಾಕೆಟ್ ಇತ್ತು, ಫುಲ್ ಹಾಕಿದೀನಿ. ಅದರಲ್ಲಿ ಒಂದು ಕಪ್ಪು ತಟ್ಟೆ ಅಂತೂ ಸಿಕ್ಕಾಪಟ್ಟೆ ಗಲೀಜಾಗಿತ್ತು. ಅದಕ್ಕೇ ಹೆವಿ ವಾಶ್ ಕೊಟ್ಟೆ."

ತೆಂಗಿನಕಾಯಿ ಚೀಲ ನೆಲಕ್ಕೆ ಬಿತ್ತು. ವಸುಧಾ ಓಡಿಹೋಗಿ ಯಂತ್ರದ ಬಾಗಿಲು ಎಳೆದಳು. ಹಬೆ ಮುಖಕ್ಕೆ ಹೊಡೆಯಿತು. ಹಬೆ ಇಳಿದ ಮೇಲೆ ನೋಡಿದರೆ ಬಿಳಿಯದೆಲ್ಲ ಕರಿದಾಗಿತ್ತು, ಕರಿಯದು ಬಿಳಿದಾಗಿತ್ತು. ಅಲ್ಯೂಮಿನಿಯಂ ಇಡ್ಲಿ ತಟ್ಟೆಗಳು ಮಸಿ ಬಳಿದುಕೊಂಡು ನಿಂತಿದ್ದವು. ಕಾವಲಿ ಬೂದು ಬಣ್ಣಕ್ಕೆ ತಿರುಗಿತ್ತು. ನಾವು ನೋಡನೋಡುತ್ತಿದ್ದಂತೆ ಆ ಬೂದು ಮೈಯ ಮೇಲೆ ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕೆ ಮೂಡತೊಡಗಿತು. ನಮ್ಮ ಹಿತ್ತಿಲಲ್ಲಿ ಎಲ್ಲಿ ಅಗೆದರೂ ಸಿಗುವ ಕೆರೊಲೈನಾದ ಕೆಮ್ಮಣ್ಣಿನದೇ ಬಣ್ಣ.

ಇಲ್ಲಿ ನನ್ನ ವಿದ್ಯೆ ನನ್ನ ಕೈಬಿಡದೆ ಮುಂದೆ ಬಂತು. ಹುಟ್ಟಿನಿಂದ ನಾನು ಮೂರ್ಖನಲ್ಲ, ಓದಿ ಆದವನು. "ಅಂದ್ರೆ, ಆ ಪೌಡರ್‌ನಲ್ಲಿರೋದು ಸೋಡಾ, ಬೂದಿಯ ದೊಡ್ಡಣ್ಣ ಅನ್ಕೋ," ಎಂದು ಶುರುಮಾಡಿದೆ. "ಬಿಸಿನೀರು, ಕ್ಷಾರ, ಇಷ್ಟು ಹೊತ್ತು ಸಿಕ್ಕಿದ್ರೆ ಎಣ್ಣೆ ಪದರ ಸೋಪಾಗಿ ಕರಗಿಹೋಗುತ್ತೆ. ಬರೀ ಕಬ್ಬಿಣ ಉಳಿಯುತ್ತೆ. ಕಬ್ಬಿಣಕ್ಕೆ ಕಬ್ಬಿಣವಾಗಿರೋದು ಇಷ್ಟ ಇಲ್ಲ, ಚಾನ್ಸ್ ಸಿಕ್ಕಿದ ಕೂಡ್ಲೇ ಮತ್ತೆ ಮಣ್ಣಾಗುತ್ತೆ. ತುಕ್ಕು ಅಂದ್ರೆ ಅದೇ. ಒಂಥರಾ, ಭೂಮಿಗೆ ವಾಪಸ್ ಹೋಗೋದು..."

"ರೀ," ಎಂದಳು ವಸುಧಾ. "ಸುಮ್ನಿರ್ತೀರಾ?"

ಭಾವನೂ ಹತ್ತಿರ ಬಂದು ಇಣುಕಿದ. ತಟ್ಟೆಗಳ ಸಾಲಿನ ಕೊನೆಗೆ ನೆಟ್ಟಗೆ ನಿಂತಿದ್ದಾಗ ಅವನು ತನ್ನ ತಾಯಿಯ ಕಾವಲಿಯನ್ನು ಗುರುತಿಸಿರಲಿಲ್ಲ. ಈಗ, ಗುರುತೇ ಸಿಗದಂತಾದ ಮೇಲೆ, ಗುರುತಿಸಿದ.

"ಓ ಶಿಟ್. ಅಮ್ಮನ ಕಾವಲೀನಾ ಇದು? ಡಿಶ್‌ವಾಷರ್‌ನಲ್ಲಿ ಯಾರಾದ್ರೂ ಕಾವಲಿ ಇಡ್ತಾರಾ? ಓಕೆ, ಓಕೆ. ಡೋಂಟ್ ವರಿ ವಸು, ನಾನು ಹೊಸದು ಆರ್ಡರ್ ಮಾಡ್ತೀನಿ. ಪ್ರೀ-ಸೀಸನ್ಡ್, ಪಳಗಿಸಿರೋದೇ ಬರುತ್ತೆ ಈಗ. ನಾಳೆನೇ ಡೆಲಿವರಿ."

"ಮಾವ, ಸ್ಟಾಪ್," ಎಂದಳು ಅನು. "ಪ್ಲೀಸ್. ಜಸ್ಟ್ ಸ್ಟಾಪ್."

ವಸುಧಾ ಕಾವಲಿಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ಕುರ್ತಾದ ಮೇಲೆ ತುಕ್ಕಿನ ಕಲೆ ಹರಡುತ್ತಿತ್ತು. "ಅಮ್ಮ ಹೋದಾಗ ಹೋಗಕ್ಕಾಗ್ಲಿಲ್ಲ," ಎಂದಳು. "ಇದೊಂದಿತ್ತು. ಅಮ್ಮನ ಕೈ ಇತ್ತು ಇದರಲ್ಲಿ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಗಾದೆ ಮಾಡಿದವರ ಕಾಲದಲ್ಲಿ ಹೆವಿ ವಾಶ್ ಇರಲಿಲ್ಲ, ಅಷ್ಟೇ ವ್ಯತ್ಯಾಸ. ಅತ್ತೆಯ ಆಯುಷ್ಯದ ಬೆಳಗುಗಳೆಲ್ಲ ಒಂದು ಮಧ್ಯಾಹ್ನದಲ್ಲಿ ಸೋಪುನೀರಾಗಿ ಕ್ಯಾರಿಯ ಮೋರಿ ಸೇರಿದ್ದವು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನಾನು ಭಾವನನ್ನು ಮನಸ್ಸಿನಲ್ಲೇ ಬೈದೆ. ನಿಜ ಹೇಳಬೇಕೆಂದರೆ ಒಂದು ಕ್ಷಣ ಅವನನ್ನೇ ಆ ಯಂತ್ರದಲ್ಲಿ ಕೂರಿಸಿ ಗುಂಡಿ ಒತ್ತುವ ಆಸೆಯೂ ಆಯಿತು. ವಸುಧಾ ಬೈಯಲಿಲ್ಲ. ಅಣ್ಣನ ಜೊತೆ ಮಾತು ನಿಲ್ಲಿಸಿದಳು. ರಾತ್ರಿ ಅನ್ನ ಸಾರನ್ನು ಅವನ ಮುಂದೆ ಇಟ್ಟು ಎದ್ದುಹೋದಳು. ಭೂಮಿಯ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ ಭಾವ ಉಪ್ಪು ಬೇಕೆಂದು ಕೇಳಲೂ ಧೈರ್ಯ ಮಾಡಲಿಲ್ಲ.

ಬೆಳಗ್ಗೆ ಎದ್ದಾಗ ಅಡುಗೆಮನೆಯಲ್ಲಿ ಕರಕರ ಸದ್ದು. ನಾನೂ ವಸುಧಾಳೂ ಒಟ್ಟಿಗೇ ಹೋಗಿ ನೋಡಿದೆವು. ಭಾವ ಶಾಲು ಸೊಂಟಕ್ಕೆ ಬಿಗಿದು ಸಿಂಕಿನ ಮುಂದೆ ನಿಂತಿದ್ದ. ಪ್ರಾಯಶ್ಚಿತ್ತ ನಡೆಯುತ್ತಿತ್ತು. ಸ್ಟೀಲ್ ನಾರಿನಿಂದ ಕಾವಲಿಯ ಮುಂಬದಿಯ ತುಕ್ಕನ್ನೆಲ್ಲ ತಿಕ್ಕಿ, ಬೆಳ್ಳಿಯಂತೆ ಹೊಳೆಸಿಬಿಟ್ಟಿದ್ದ. ಉಪಕಾರ ಅಲ್ಲಿಗೆ ಮುಗಿದಿರಲಿಲ್ಲ. ಕಾವಲಿಯನ್ನು ಮಗುಚಿ, ಹಿಂಬದಿಯ ಮೇಲೆ ನಾರು ಇಟ್ಟಿದ್ದ.

ಹಿಂಬದಿ ಹಾಗೇ ಇತ್ತು! ಹಿಂದಿನ ದಿನದ ಗಾಬರಿಯಲ್ಲಿ ಅದನ್ನು ನಾವು ಯಾರೂ ತಿರುಗಿಸಿ ನೋಡಿರಲಿಲ್ಲ. ಬೆಂಕಿಯ ಕಡೆಯ ಮುಖ ಅದು. ಸೀಮೆಎಣ್ಣೆ ಸ್ಟವ್ವಿನ ಕಾಲದಿಂದ ಸುರಿದ ಎಣ್ಣೆ, ಹಿಟ್ಟು ಎಲ್ಲ ಸುಟ್ಟು ಇದ್ದಲಾಗಿ ಬೆರಳ ದಪ್ಪಕ್ಕೆ ಹೆಪ್ಪುಗಟ್ಟಿತ್ತು. ಇದ್ದಲಿಗೆ ಸೋಡಾದ ಭಯವಿಲ್ಲ. ಭಾವನ ಹೆವಿ ವಾಶ್ ಅದರ ಕೂದಲನ್ನೂ ಕೊಂಕಿಸಿರಲಿಲ್ಲ. ಅದರ ಅಂಚಿನಲ್ಲಿ ಒಂದು ಕಡೆ ಗೋಲಿಯಷ್ಟು ದೊಡ್ಡ ಗಂಟು. ಭಾವ ಆ ಗಂಟನ್ನೇ ಗುರಿಯಾಗಿಟ್ಟು ಮೊಣಕೈ ಎತ್ತಿದ.

"ಅದನ್ನ ಮುಟ್ಬೇಡ ಅಣ್ಣಾ!" ವಸುಧಾ ಹೋಗಿ ಕಸಿದುಕೊಂಡಳು. "ಅದು ನಿನ್ನ ಬೆಲ್ಲ!"

"ಏನು?"

"ನಿನ್ನ ಬೆಲ್ಲ ಕಣೋ. ಅಮ್ಮ ದೇವಸ್ಥಾನಕ್ಕೆ ಹೋದಾಗ ಕಾವಲಿ ಮೇಲೆ ಪಾಕ ಕಾಯಿಸ್ತೀನಿ ಅಂತ ಉಕ್ಕಿಸಿದ್ಯಲ್ಲ. ಅಂಚಿಂದ ಕೆಳಗಿಳಿದು ಸುಟ್ಟು ಅಂಟ್ಕೊಂಡು ಹೋಯ್ತು. ಸಟ್ಟುಗದಲ್ಲಿ ಏಟು ತಿಂದಿದ್ದು ಮರೆತ್ಯಾ? ಅಮ್ಮ ಆಮೇಲೆ ಅದನ್ನ ಕೀಳಲೇ ಇಲ್ಲ. ಪ್ರತಿ ಸಲ ಕಾವಲಿ ಎತ್ತಿಡುವಾಗ, 'ನೋಡು, ಶ್ರೀಧರನ ಬೆಲ್ಲ' ಅಂತಿದ್ಲು. ನೀನು ಅಮೆರಿಕಾಗೆ ಬಂದ್ಮೇಲೂ."

ಭಾವನ ಕೈಯಿಂದ ನಾರು ಜಾರಿತು. ನಲ್ಲಿ ತೆರೆದೇ ಇತ್ತು, ನೀರು ಸುಮ್ಮನೆ ಹರಿದುಹೋಗುತ್ತಿತ್ತು, ಭೂಮಿಯ ನೀರು. ಅವನು ನಿಲ್ಲಿಸಲಿಲ್ಲ. ಹೆಬ್ಬೆರಳಿನಿಂದ ಆ ಗಂಟನ್ನು ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ಅತ್ತ. ಐವತ್ತು ದಾಟಿದ ಗಂಡಸು, ತಾಯಿ ಸತ್ತ ದಿನ ಲ್ಯಾಪ್‌ಟಾಪಿನ ಮುಂದೆ ಕಲ್ಲಿನಂತೆ ಕೂತಿದ್ದವನು, ಒಂದು ಸುಟ್ಟ ಬೆಲ್ಲಕ್ಕೆ ಬಿಕ್ಕಿ ಬಿಕ್ಕಿ ಅತ್ತ. ನನ್ನ ಕುಚೋದ್ಯವೆಲ್ಲ ಎಲ್ಲಿ ಹೋಯಿತೋ, ನಾನು ಹೋಗಿ ನಲ್ಲಿ ನಿಲ್ಲಿಸಿದೆ. ನನ್ನಿಂದಾದದ್ದು ಅಷ್ಟೇ.

ವಸುಧಾ ಅವನ ಕೈಗೆ ಅರ್ಧ ಈರುಳ್ಳಿ ಕೊಟ್ಟಳು. ಒಲೆಯ ಕಡೆ ಕೈ ತೋರಿಸಿದಳು. ಅವನು ಕಾವಲಿ ಕಾಯಿಸಿ ಎಣ್ಣೆ ಸವರಿದ, ಈರುಳ್ಳಿಯಿಂದ ಉಜ್ಜಿದ, ಹೊಗೆಯಾಡಿಸಿದ, ತಣಿಸಿದ, ಮತ್ತೆ ಸವರಿದ. ನಾನು ಎಣ್ಣೆ ತೆಳ್ಳಗಿರಬೇಕು, ಬಿಸಿ ಇಷ್ಟಿರಬೇಕು ಎಂದು ಹೇಳಹೊರಟೆ. ಅಣ್ಣ ತಂಗಿ ಇಬ್ಬರೂ ಒಟ್ಟಿಗೇ ನನ್ನನ್ನು ನೋಡಿದರು. ಹಿಂದಿನ ಮಧ್ಯಾಹ್ನದಿಂದ ಅವರಿಬ್ಬರೂ ಒಪ್ಪಿದ ಮೊದಲ ವಿಷಯ ಅದು. ಹೊಗೆಗೆ ಅಲಾರಂ ಕಿರುಚಿತು. ಅನು ಕುರ್ಚಿ ಹತ್ತಿ ಟವೆಲ್ ಬೀಸುತ್ತ, "ದಿಸ್ ಫ್ಯಾಮಿಲಿ ಈಸ್ ಸೋ ಡ್ರಾಮಾಟಿಕ್" ಎಂದಳು. ಮನೆಯೆಲ್ಲ ಸುಟ್ಟ ಎಣ್ಣೆ, ಈರುಳ್ಳಿಯ ವಾಸನೆ. ಅದು ಯಾವ ಅಡುಗೆಮನೆಯ ವಾಸನೆಯೆಂದು ಅವರಿಬ್ಬರಿಗೂ ಗೊತ್ತಿತ್ತು.

ಮೊದಲ ದೋಸೆ ಏಳಲಿಲ್ಲ. ಎರಡನೆಯದು ಅರ್ಧ ಎದ್ದು ಅರ್ಧ ಅಲ್ಲೇ ಉಳಿಯಿತು. ಎಲ್ಲರ ಮನೆ ದೋಸೆಯೂ ತೂತೇ ಎನ್ನುತ್ತಾರೆ. ನಮ್ಮದರಲ್ಲಿ ಅಂದು ತೂತೇ ಹೆಚ್ಚು, ದೋಸೆ ಕಡಿಮೆ. ವಸುಧಾ ಸಟ್ಟುಗದಿಂದ ಕೆರೆದು ಕೆರೆದು ತೆಗೆದದ್ದನ್ನೆಲ್ಲ ಭಾವ ಒಲೆಯ ಪಕ್ಕ ನಿಂತೇ ತಿಂದ. ಒಂದು ಚೂರನ್ನೂ ಬಿಡಲಿಲ್ಲ, ಕಾಂಪೋಸ್ಟ್ ಎಂಬ ಮಾತೂ ಎತ್ತಲಿಲ್ಲ. ಹಿಟ್ಟು ಮುಗಿಯುತ್ತ ಬಂದಾಗ ಒಂದು ದೋಸೆಯ ಅಂಚು ತಾನಾಗಿ ಎದ್ದಿತು. ವಸುಧಾ ಸಟ್ಟುಗ ತೂರಿಸಿ ಮಗುಚಿದಳು. ಇಡೀ ದೋಸೆ. ಅಲ್ಲಲ್ಲಿ ಬಿಳಿಚಿಕೊಂಡಿತ್ತು, ನಡುವೆ ಸ್ವಲ್ಪ ಹರಿದಿತ್ತು, ಅತ್ತೆ ನೋಡಿದ್ದರೆ ಹಸುವಿಗೆ ಹಾಕಿಸುತ್ತಿದ್ದರು. ಅವಳು ಅದನ್ನು ಅಣ್ಣನ ತಟ್ಟೆಗೆ ಹಾಕಿದಳು.

ಅವನು ಕೂತು ನಿಧಾನವಾಗಿ ತಿಂದು ಮುಗಿಸಿದ. ತಟ್ಟೆ ಹಿಡಿದು ಎದ್ದ. ಅಭ್ಯಾಸಬಲ ನೋಡಿ, ಕಾಲು ನೇರವಾಗಿ ಡಿಶ್‌ವಾಷರ್‌ನ ಕಡೆಗೆ ಹೋಯಿತು. ಬಾಗಿಲಿಗೆ ಕೈ ಹಾಕಿದ. ವಸುಧಾ ಒಲೆಯಿಂದ ತಿರುಗಲಿಲ್ಲ. ಕೆಳಗಿಟ್ಟ ಸೀರೆಯ ತುಂಡನ್ನು ಎತ್ತಿ ಕಾವಲಿ ಒರೆಸುತ್ತ ಹೇಳಿದಳು:

"ಅಣ್ಣಾ, ತಟ್ಟೆ ಸಿಂಕಲ್ಲಿಡು. ಅದು ಕಪಾಟು."